ಗಂಡಸರ ಊಟವಾಯಿತೇ? - ಮಾರ್ಗರೆಟ್ ಫಾರ್ಸ್ಟರ್ ಕಂಡ ಕುಟುಂಬ

ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: ಗಂಡಸರ ಊಟವಾಯಿತೇ? ಬೆಳಗಿನಿಂದ ಒಲೆಯ ಮುಂದೆ ಬೆಂದವರ ಸರದಿ ಬರುವುದು ಆ ಬಳಿಕ. ಪಾತ್ರೆಯ ತಳದಲ್ಲಿ ಏನು ಉಳಿದಿದೆಯೋ ಅದು ಅವರ ಪಾಲು. ಇದೇ ಪ್ರಶ್ನೆ ಇಂಗ್ಲೆಂಡಿನ ಕಾದಂಬರಿಯೊಂದರ ಹೆಸರಾಗಿರಬಹುದೆಂದು ನಾನು ಊಹಿಸಿರಲಿಲ್ಲ. ಮಾರ್ಗರೆಟ್ ಫಾರ್ಸ್ಟರ್ 1989ರಲ್ಲಿ ಪ್ರಕಟಿಸಿದ 'ಹ್ಯಾವ್ ದ ಮೆನ್ ಹ್ಯಾಡ್ ಇನಫ್?' ಕಾದಂಬರಿಯಲ್ಲಿ ಮರೆವಿನ ರೋಗಕ್ಕೆ ತುತ್ತಾದ ಅಜ್ಜಿಯೊಬ್ಬಳಿದ್ದಾಳೆ. ಎದುರಿಗೆ ನಿಂತವರು ಯಾರು, ತಾನು ಎಲ್ಲಿದ್ದೇನೆ ಎಂಬುದೆಲ್ಲ ಗೋಜಲಾದ ಮೇಲೂ ಅವಳ ನಾಲಗೆಯ ಮೇಲೆ ಈ ಒಂದು ಪ್ರಶ್ನೆ ಉಳಿದುಕೊಂಡಿದೆ. ಮರೆವಿಗೂ ಅಳಿಸಲಾಗದಷ್ಟು ಆಳಕ್ಕೆ ಇಳಿದ ಅಭ್ಯಾಸವದು.

ಫಾರ್ಸ್ಟರ್ ಹುಟ್ಟಿದ್ದು 1938ರಲ್ಲಿ, ಉತ್ತರ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದ ಕಾರ್ಮಿಕ ಕುಟುಂಬವೊಂದರಲ್ಲಿ. ತಂದೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಓದಿನ ಬಲದಿಂದ ಆಕ್ಸ್‌ಫರ್ಡ್ ಸೇರಿದ ಅವರು 1965ರ 'ಜಾರ್ಜಿ ಗರ್ಲ್' ಕಾದಂಬರಿಯಿಂದ ಹೆಸರಾದರು. ಮರುವರ್ಷವೇ ಅದು ಸಿನಿಮಾ ಆಯಿತು. 2016ರಲ್ಲಿ ತೀರಿಕೊಳ್ಳುವವರೆಗೂ ಕಾದಂಬರಿ, ಜೀವನಚರಿತ್ರೆ ಎರಡನ್ನೂ ಬಿಡದೆ ಬರೆದರು. ಆ ಮೊದಲ ಖ್ಯಾತಿಯ ಪುಸ್ತಕಕ್ಕಿಂತ ಮನೆಯೊಳಗಿನ ಸಂಬಂಧಗಳನ್ನು ಕುರಿತ ಮುಂದಿನ ಪುಸ್ತಕಗಳೇ ನನಗೆ ಮುಖ್ಯವಾಗಿ ಕಾಣುತ್ತವೆ.

ಪಶ್ಚಿಮದವರು ಮುದಿ ತಂದೆತಾಯಿಯರನ್ನು ಆಶ್ರಮಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ, ನಾವು ಹಾಗಲ್ಲ ಎಂದು ನಮ್ಮ ಭಾಷಣಗಳಲ್ಲಿ ಹೇಳಿಕೊಳ್ಳುವುದುಂಟು. ಅಂಥವರು ಅಜ್ಜಿಯ ಈ ಕತೆಯನ್ನು ಓದಬೇಕು. ಇಲ್ಲಿ ಅಜ್ಜಿಯನ್ನು ಯಾರೂ ತಳ್ಳಿಲ್ಲ. ಮಗನ ಮನೆಯ ಸಮೀಪದಲ್ಲೇ ಅವಳ ವಾಸ. ಮದುವೆಯಾಗದ ಮಗಳು ಬ್ರಿಜೆಟ್, ವೃತ್ತಿಯಲ್ಲಿ ನರ್ಸ್, ತಾಯಿಯನ್ನು ಹೊರಗೆ ಬಿಡುವ ಮಾತೆತ್ತಿದರೆ ಸಿಡಿದೇಳುತ್ತಾಳೆ. ಸೊಸೆ ಜೆನ್ನಿ ದಿನದ ಲೆಕ್ಕವನ್ನೆಲ್ಲ ಹೊಂದಿಸುತ್ತಾಳೆ: ಇಂದು ಯಾರ ಪಾಳಿ, ಸಂಬಳದ ಹೆಂಗಸು ಬಾರದಿದ್ದರೆ ಯಾರು, ಒದ್ದೆಯಾದ ಹಾಸಿಗೆ ಬದಲಿಸುವವರು ಯಾರು. ಮಗ ಚಾರ್ಲಿ ಹಣ ಕೊಡುತ್ತಾನೆ. ಇನ್ನೊಬ್ಬ ಮಗ ಸ್ಟುವರ್ಟ್, ಇದು ತನ್ನಿಂದಾಗದು ಎಂದು ದೂರ ಸರಿದಿದ್ದಾನೆ. ಕತೆಯನ್ನು ಹೇಳುವವರು ಇಬ್ಬರು: ಸೊಸೆ ಜೆನ್ನಿ ಮತ್ತು ಅವಳ ಹದಿಹರೆಯದ ಮಗಳು ಹ್ಯಾನಾ.

ಈ ಎರಡು ದನಿಗಳ ಆಯ್ಕೆಯಲ್ಲೇ ಕಾದಂಬರಿಯ ಬಲವಿದೆ. ಮಗಳು ಬ್ರಿಜೆಟ್‌ಳಿಗೆ ತಾಯಿಯ ಮೇಲಿನ ಪ್ರೀತಿಯೇ ಸಾಕು, ಬೇರೆ ಸಮರ್ಥನೆ ಬೇಡ. ಸೊಸೆಯ ಪಾಡು ಹಾಗಲ್ಲ. ಅವಳು ಪ್ರೀತಿಗೂ ಕರ್ತವ್ಯಕ್ಕೂ ನಡುವೆ ಎಲ್ಲೋ ನಿಂತಿದ್ದಾಳೆ. ದಣಿದಾಗ ಅತ್ತೆ ಬೇಗ ಹೋಗಿಬಿಡಲಿ ಎನಿಸುತ್ತದೆ, ಎನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ. ನಮ್ಮಲ್ಲಿ ಇಂತಹ ಸೊಸೆಯಂದಿರು ಎಷ್ಟು ಮಂದಿ! ಆದರೆ ನಮ್ಮ ಕತೆಗಳಲ್ಲಿ ಸೊಸೆ ಒಂದೋ ರಾಕ್ಷಸಿ, ಇಲ್ಲವೇ ತ್ಯಾಗಮೂರ್ತಿ. ಟಿ.ವಿ. ಧಾರಾವಾಹಿಗಳಲ್ಲಂತೂ ಮೂರನೆಯ ಬಗೆಯೇ ಇಲ್ಲ. ಫಾರ್ಸ್ಟರ್ ಆ ಮೂರನೆಯ ಹೆಂಗಸನ್ನು ಅವಳ ಬಚ್ಚಲುಮನೆಯ ಕೆಲಸದ ಸಮೇತ ನಮ್ಮ ಮುಂದಿಡುತ್ತಾರೆ. ತನ್ನ ಅತ್ತೆಯ ಕೊನೆಯ ವರ್ಷಗಳ ಅನುಭವದಿಂದಲೇ ಅವರು ಇದನ್ನು ಬರೆದದ್ದು. ಆದ್ದರಿಂದಲೇ ಇರಬೇಕು, ಎಲ್ಲಿಯೂ ಕಣ್ಣೀರು ಸುರಿಸುವುದಿಲ್ಲ; ನಗುವಿಗೂ ಕೊರತೆಯಿಲ್ಲ. ಕೊನೆಗೆ ಇಷ್ಟೆಲ್ಲ ಕಾಳಜಿಯಿದ್ದ ಅಜ್ಜಿ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲೇ ಸಾಯುತ್ತಾಳೆ. ತಪ್ಪು ಯಾರದೆಂದು ಬೆರಳು ತೋರಿಸಲು ಹೊರಟರೆ ಯಾರೂ ಸಿಗುವುದಿಲ್ಲ.

2007ರಲ್ಲಿ ನಮ್ಮ ದೇಶದಲ್ಲಿ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಾಗ ನನಗೆ ಜೆನ್ನಿಯ ನೆನಪಾಗಿತ್ತು. ಆ ಕಾಯಿದೆ ಮಕ್ಕಳ, ಮೊಮ್ಮಕ್ಕಳ ಹೊಣೆಯನ್ನು ತಿಂಗಳ ಜೀವನಾಂಶದ ಮೊತ್ತದಲ್ಲಿ ಅಳೆಯಿತು. ಅದು ಬೇಕಾದದ್ದೇ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಮುದುಕಿಯನ್ನು ಶೌಚಕ್ಕೆ ಕರೆದೊಯ್ಯುವ ಕೈ ಯಾರದೆಂದು ಕಾನೂನು ಕೇಳುವುದಿಲ್ಲ. ಕಾದಂಬರಿ ಕೇಳುತ್ತದೆ.

ಜೀವನಚರಿತ್ರೆಕಾರ್ತಿಯಾಗಿಯೂ ಫಾರ್ಸ್ಟರ್ ಕೇಳಿದ್ದು ಇದೇ ಪ್ರಶ್ನೆ. 1988ರಲ್ಲಿ ಅವರು ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್‌ಳ ಬದುಕನ್ನು ಬರೆದರು. ತಂದೆಯ ಮಾತು ಮೀರಿ 1846ರಲ್ಲಿ ಕವಿ ರಾಬರ್ಟ್ ಬ್ರೌನಿಂಗ್‌ನನ್ನು ಗುಟ್ಟಾಗಿ ಮದುವೆಯಾಗಿ ಇಟಲಿಗೆ ಹೊರಟುಹೋದ ಅವಳ ಕತೆ ಇಂಗ್ಲಿಷ್ ಜಗತ್ತಿನ ದೊಡ್ಡ ಪ್ರೇಮಕತೆಗಳಲ್ಲೊಂದು. ಆ ಗುಟ್ಟಿನ ಮದುವೆಯಲ್ಲಿ ಜೊತೆಗಿದ್ದವಳು, ಇಟಲಿಗೂ ಹಿಂಬಾಲಿಸಿದವಳು ಕೆಲಸದಾಕೆ ಎಲಿಜಬೆತ್ ವಿಲ್ಸನ್. ಕವಯಿತ್ರಿಯ ಜೀವನಚರಿತ್ರೆಯಲ್ಲಿ ಅವಳು ಬಾಗಿಲ ಬಳಿ ನಿಂತ ನೆರಳು ಮಾತ್ರ. ಅಷ್ಟಕ್ಕೆ ಬಿಡಲು ಫಾರ್ಸ್ಟರ್‌ಗೆ ಮನಸ್ಸಾಗಲಿಲ್ಲ. ಎರಡು ವರ್ಷಗಳ ಬಳಿಕ ಆ ನೆರಳನ್ನೇ ನಾಯಕಿಯಾಗಿಸಿ 'ಲೇಡೀಸ್ ಮೇಡ್' ಎಂಬ ಕಾದಂಬರಿ ಬರೆದರು. ವಿಲ್ಸನ್ ತನ್ನ ಹಸುಗೂಸನ್ನು ಇಂಗ್ಲೆಂಡಿನಲ್ಲಿ ಸೋದರಿಯ ಬಳಿ ಬಿಟ್ಟು ಯಜಮಾನಿಯ ಸಂಸಾರದೊಂದಿಗೆ ಮತ್ತೆ ಇಟಲಿಗೆ ಹೋಗಬೇಕಾಗಿ ಬಂದದ್ದು ಕಲ್ಪನೆಯಲ್ಲ, ನಡೆದದ್ದು. ಒಂದೇ ಮನೆಯ ಕತೆ ಹಜಾರದಿಂದ ನೋಡಿದಾಗ ಪ್ರೇಮಕಾವ್ಯ, ಅಡುಗೆಮನೆಯಿಂದ ನೋಡಿದಾಗ ಮತ್ತೊಂದು. ಎರಡನ್ನೂ ಒಬ್ಬರೇ ಬರೆದದ್ದು ಅಪರೂಪ.

ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೃತಿ 1995ರ 'ಹಿಡನ್ ಲೈವ್ಸ್'. ಇದು ಅವರ ಸ್ವಂತ ಅಜ್ಜಿ, ತಾಯಿಯರ ಕತೆ. ಅಜ್ಜಿ ಮಾರ್ಗರೆಟ್ ಆ್ಯನ್ ಮದುವೆಗೆ ಮುಂಚೆ ಮನೆಗೆಲಸದವಳಾಗಿದ್ದಳು; ನಂತರ ಮಾಂಸದ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ಮೂವರು ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಬೆಳೆಸಿದಳು. 1936ರಲ್ಲಿ ಅವಳು ತೀರಿಕೊಂಡಾಗ ಅಪರಿಚಿತ ಹೆಂಗಸೊಬ್ಬಳು ಬಾಗಿಲಿಗೆ ಬಂದು ತಾನೂ ಅವಳ ಮಗಳೇ ಎಂದಳು. ಮದುವೆಗೆ ಮೊದಲು ಹುಟ್ಟಿದ ಆ ಮಗಳನ್ನು ಅಜ್ಜಿ ಎಂದೂ ಒಪ್ಪಿಕೊಂಡಿರಲಿಲ್ಲ. ಉಳಿದ ಮೂವರೂ ಆ ವಿಷಯದ ಬಾಗಿಲು ಮುಚ್ಚಿಬಿಟ್ಟರು. ಮೊಮ್ಮಗಳು ಜನನ ದಾಖಲೆಗಳನ್ನು ಜಾಲಾಡಿ ಆ ಬಾಗಿಲನ್ನು ತೆರೆದಳು.

ಇಲ್ಲಿ ನನಗೊಂದು ತಕರಾರಿದೆ. ಬದುಕಿಡೀ ಮುಚ್ಚಿಟ್ಟದ್ದನ್ನು ಸತ್ತ ಮೇಲೆ ಬಿಚ್ಚಿಡುವ ಹಕ್ಕು ಮೊಮ್ಮಗಳಿಗಿದೆಯೇ? ಹಿರಿಯರ ಮಾನದ ಮಾತು ಬಂದರೆ ನಾವು ಇಲ್ಲವೆಂದೇ ಹೇಳುತ್ತೇವೆ. ಆದರೆ ಮಾನ ಕಾಯ್ದದ್ದು ಯಾರ ಖರ್ಚಿನಲ್ಲಿ ಎಂದು ನೋಡಿದರೆ, ಬಾಗಿಲಿನಿಂದ ಬರಿಗೈಲಿ ಹಿಂದಿರುಗಿದ ಆ ಮಗಳು ಕಾಣುತ್ತಾಳೆ. ಪುಸ್ತಕ ಅವಳ ಪರವಾಗಿದೆ, ಅಜ್ಜಿಯ ವಿರುದ್ಧವಾಗಿಲ್ಲ. ಆ ಕಾಲದಲ್ಲಿ ಅಜ್ಜಿಗೆ ಬೇರೆ ದಾರಿ ಯಾವುದಿತ್ತು ಎಂಬುದನ್ನು ಲೇಖಕಿ ಮತ್ತೆ ಮತ್ತೆ ಕೇಳಿಕೊಳ್ಳುತ್ತಾರೆ. ತಾಯಿ ಲಿಲಿಯನ್ನಳ ಭಾಗ ಇದಕ್ಕಿಂತ ಮೌನವಾದದ್ದು, ನೋವಿನದ್ದು. ನಗರದ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಸಮರ್ಥಳೆನಿಸಿದ್ದವಳು 1931ರಲ್ಲಿ ಮದುವೆಯಾಗಿ ಕೆಲಸ ಬಿಟ್ಟಳು. ಮುಂದಿನದ್ದೆಲ್ಲ ಕಲ್ಲಿದ್ದಲ ಒಲೆ, ಬಟ್ಟೆ ಒಗೆತ.

ದೋಷಗಳೂ ಇವೆ. ಫಾರ್ಸ್ಟರ್ ಗದ್ಯ ಕೆಲವೆಡೆ ವರದಿಯಷ್ಟು ಒಣಗಿರುತ್ತದೆ. ಗಂಡಸರನ್ನು ಅವರು ಬೇಗ ಮುಗಿಸಿಬಿಡುತ್ತಾರೆ: ಚಾರ್ಲಿ, ಸ್ಟುವರ್ಟ್ ಇಬ್ಬರೂ ಹೆಂಗಸರ ವಾದಕ್ಕೆ ಎದುರುವಾದವಾಗಿ ನಿಂತಷ್ಟೇ ಹೊತ್ತು ಜೀವಂತ.

ಆ ಕೊರತೆಯನ್ನು ತುಂಬುವುದು 1998ರ 'ಪ್ರೆಷಸ್ ಲೈವ್ಸ್'. 96 ವರ್ಷ ಬದುಕಿದ ತಂದೆ ಆರ್ಥರ್ ಅದರ ಕೇಂದ್ರ. ಮುಂಗೋಪಿ, ಮಾತು ಕಡಿಮೆ, ಮಗಳನ್ನು ಹೊಗಳಿದವನಲ್ಲ. ಅದೇ ಸಮಯದಲ್ಲಿ ಗಂಡನ ತಂಗಿ ಮೇರಿಯನ್ ಐವತ್ತರ ಹರೆಯದಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದಾಳೆ. ಲೇಖಕಿಗೆ ಅಚ್ಚುಮೆಚ್ಚಿನವಳು ಮೇರಿಯನ್, ದೀರ್ಘಾಯುಷ್ಯ ದೊರೆತದ್ದು ಅಪ್ಪನಿಗೆ. ಆ ಅನ್ಯಾಯವನ್ನು ಅವರು ಮರೆಮಾಚುವುದಿಲ್ಲ. ಅಪ್ಪನನ್ನು ತಾನು ಪ್ರೀತಿಸಿದೆನೆಂದು ಸುಲಭವಾಗಿ ಹೇಳುವುದೂ ಇಲ್ಲ. ಮತ್ತೆ ಮತ್ತೆ ಹೋಗಿ, ಮಾತಿಲ್ಲದ ಆ ಮುದುಕನ ಪಕ್ಕದಲ್ಲಿ ಕುಳಿತು ಬರುತ್ತಾರೆ.