ನಿಂತ ಕಾರಿಗೆ ವಾರದ ಸ್ಟಾರ್ಟ್ ಮದ್ದಲ್ಲ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆಮುಂದೆ ತಿಂಗಳುಗಟ್ಟಲೆ ನಿಲ್ಲುವ ಕಾರುಗಳಿಗೇನೂ ಬರವಿಲ್ಲ. ದುಡಿಯುವವರು ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲೋ ಕಲಬುರಗಿಯಲ್ಲೋ ರೈಲು ಹತ್ತಿ ಪುಣೆ, ಮುಂಬೈಗೆ ಹೋಗುತ್ತಾರೆ. ಕಾರು ಹೊರಬೀಳುವುದು ಯುಗಾದಿಗೆ, ಜಾತ್ರೆಗೆ, ಇಲ್ಲವೇ ಮನೆಯ ಮದುವೆಗೆ. ಹೋಗುವಾಗ ಹಿರಿಯರಿಗೆ ಹೇಳುವ ಮಾತು ಒಂದೇ: ‘ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಬಿಡ್ರಿ, ಬ್ಯಾಟರಿ ಇಳಿಯಂಗಿಲ್ಲ.’ ಎಲ್ಲರೂ ನಂಬಿದ ಮಾತಿದು. ಆದರೆ ಲೆಕ್ಕಕ್ಕೆ ಕೂತರೆ ನಿಲ್ಲುವುದಿಲ್ಲ.

ಚಾವಿ ತೆಗೆದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ರಿಮೋಟಿನ ಸಂಕೇತಕ್ಕೆ ಕಾಯುವ ಲಾಕ್, ಅಲಾರಂ, ಎಂಜಿನ್ ಕಂಪ್ಯೂಟರಿನ ನೆನಪು, ಎಲ್ಲವೂ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತಲೇ ಇರುತ್ತವೆ. ದೋಷವಿಲ್ಲದ ಗಾಡಿಯ ಮಾತಿದು. 50 ಎಂದು ಹಿಡಿದರೆ ದಿನಕ್ಕೆ 1.2 ಆಂಪಿಯರ್-ಗಂಟೆ, ವಾರಕ್ಕೆ 8.4. ಸಣ್ಣ ಕಾರಿನ ಬ್ಯಾಟರಿ ಇರುವುದೇ 35 ಆಂಪಿಯರ್-ಗಂಟೆಯ ಆಸುಪಾಸು. ವಾರದಲ್ಲಿ ಸುಮಾರು ಕಾಲು ಭಾಗ ಖಾಲಿ. ಇನ್ನು ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಓಡಿಸಿದರೆ ವಾಪಸ್ ಬರುವುದೆಷ್ಟು? ಐಡ್ಲಿಂಗಿನಲ್ಲಿ ಆಲ್ಟರ್ನೇಟರ್ ಕೊಡುವುದೇ ಕಡಿಮೆ. ಬ್ಯಾಟರಿಗೆ ಹತ್ತು ಆಂಪಿಯರ್ ಸೇರಿತೆಂದು ಉದಾರವಾಗಿ ಹಿಡಿದರೂ ಒಂದೂಮುಕ್ಕಾಲು ಆಂಪಿಯರ್-ಗಂಟೆ ದಾಟದು. ಎಳೆತವನ್ನು 25 ಮಿಲಿಗೆ ಇಳಿಸಿದರೂ ಹೋದದ್ದರ ಅರ್ಧವೂ ತುಂಬುವುದಿಲ್ಲ. ವಿಚಿತ್ರವೆಂದರೆ ಸೆಲ್ಫ್ ಹೊಡೆಯಲು ಖರ್ಚಾಗುವುದು ತೀರ ಅಲ್ಪ: ನೂರೈವತ್ತು ಆಂಪಿಯರ್ ಎಳೆದರೂ ಎರಡು ಮೂರು ಸೆಕೆಂಡಷ್ಟೇ. ಬ್ಯಾಟರಿಯನ್ನು ತಿನ್ನುವುದು ಸ್ಟಾರ್ಟ್ ಅಲ್ಲ, ನಿಲುಗಡೆ. ಕಾರನ್ನು ಆಳಂದದಿಂದ ಕಲಬುರಗಿಗೆ ಒಯ್ದು ತಂದರೆ ಮಾತು ಬೇರೆ. ಅಂಗಳದಲ್ಲಿ ಗುರುಗುಟ್ಟಿಸಿದರೆ ಸುಡುವುದು ಪೆಟ್ರೋಲ್ ಮಾತ್ರ.

ಬಳಸದೆ ನಿಂತ ಹಳೆಯ ಟ್ರ್ಯಾಕ್ಟರನ್ನು ನೋಡಿ. ತೊಗರಿ ಬಿತ್ತನೆ ಮುಗಿದು ವಾರಗಟ್ಟಲೆ ನಿಂತರೂ ಸಾಮಾನ್ಯವಾಗಿ ಸೆಲ್ಫ್ ಎತ್ತುತ್ತದೆ. ಬ್ಯಾಟರಿ ದೊಡ್ಡದು, ಹಿಂದಿನಿಂದ ಕದ್ದು ಎಳೆಯುವ ಎಲೆಕ್ಟ್ರಾನಿಕ್ಸ್ ಇಲ್ಲ. ಹಾಗೆಂದು ಅದೂ ಸುರಕ್ಷಿತವಲ್ಲ, ಯಾಕೆಂದರೆ ಈ ಸೀಮೆಯಲ್ಲಿ ಎರಡನೆಯ ವೈರಿಯೊಂದಿದೆ: ಬಿಸಿಲು. ಸೀಸ-ಆಮ್ಲದ ಬ್ಯಾಟರಿ ಏನನ್ನೂ ಜೋಡಿಸದೆ ಇಟ್ಟರೂ 25 ಡಿಗ್ರಿಯಲ್ಲಿ ತಿಂಗಳಿಗೆ ಸುಮಾರು ಶೇಕಡಾ 3ರಿಂದ 5ರಷ್ಟು ತಾನಾಗಿ ಇಳಿಯುತ್ತದೆ; ಶಾಖ ಹತ್ತು ಡಿಗ್ರಿ ಏರಿದರೆ ಆ ಇಳಿತ ಹೆಚ್ಚುಕಡಿಮೆ ಇಮ್ಮಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಪಾರಾ 40 ದಾಟುವುದು ಸಾಮಾನ್ಯ. ತಗಡಿನ ಶೆಡ್ಡಿನೊಳಗಿನ ಬಾನೆಟ್ ಕೆಳಗೆ ಅದಕ್ಕೂ ಮೇಲೆ. ನೆರಳೆಂದು ತಗಡು ಹೊದಿಸುವವರು ಬೇವಿನ ಮರದ ಕೆಳಗೆ ನಿಲ್ಲಿಸುವುದು ಮೇಲು. ಅರ್ಧ ಇಳಿದ ಬ್ಯಾಟರಿ ಹಾಗೇ ಕೂತರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಮರಳದು. ಚಳಿದೇಶದ ಮೆಕ್ಯಾನಿಕ್ಕುಗಳು ಹಿಮಕ್ಕೆ ಹೆದರುತ್ತಾರೆ. ನಾವು ಹೆದರಬೇಕಾದದ್ದು ಬೇಸಿಗೆಗೆ.

‘ಹೊಸ ಬ್ಯಾಟರಿ ಹಾಕೀನಿ, ಏನಾಗ್ತದ?’ ಎನ್ನುವವರಿದ್ದಾರೆ. ಹೊಸದಕ್ಕೂ ಅದೇ ಲೆಕ್ಕ. ಮೇಲಾಗಿ ಒಮ್ಮೆ ಪೂರ್ತಿ ಇಳಿದರೆ ಅದರ ಆಯುಷ್ಯವೇ ಕುಗ್ಗುತ್ತದೆ. ಮದ್ದೆಂದರೆ ಕಾರು ನಿಲ್ಲಿಸಿ ಹೋಗುವಾಗ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿಡುವುದು. ಹಾಗೆ ಬಿಚ್ಚಿದರೆ ಗಡಿಯಾರ, ರೇಡಿಯೊ ಸ್ಟೇಷನ್ ಅಳಿಸಿಹೋಗುತ್ತವೆ ಎಂಬುದು ನಿಜ. ಕೆಲವು ಗಾಡಿಗಳಲ್ಲಿ ಪವರ್ ವಿಂಡೋಗೂ ಮತ್ತೆ ಪಾಠ ಹೇಳಬೇಕು. ಐದು ನಿಮಿಷದ ಆ ಕಿರಿಕಿರಿಗೆ ಹೆದರಿ ಸಾವಿರಾರು ರೂಪಾಯಿಯ ಬ್ಯಾಟರಿ ಬಲಿಕೊಡುವುದು ಜಾಣತನವಲ್ಲ. ನನ್ನ ಮಟ್ಟಿಗೆ ತೂಕದ ಆಕ್ಷೇಪ ಒಂದೇ: ಬಿಚ್ಚಿಟ್ಟರೂ ಶಾಖಕ್ಕೆ ಇಳಿಯುತ್ತದಲ್ಲ? ಹೌದು. ಆದ್ದರಿಂದ ಬೇಸಿಗೆಯಲ್ಲಿ ಬಿಚ್ಚುವುದಷ್ಟೇ ಸಾಲದು, ತಿಂಗಳಿಗೊಮ್ಮೆ ಚಾರ್ಜ್ ಆಗಬೇಕು. ಅಂಗಡಿಗೆ ಒಯ್ದರೆ ‘ಸ್ಲೋ ಚಾರ್ಜ್’ ಎಂದೇ ಕೇಳಿ: 35ರ ಬ್ಯಾಟರಿಗೆ ಮೂರು ನಾಲ್ಕು ಆಂಪಿಯರ್, ರಾತ್ರಿಯಿಡೀ. ಗಾಳಿಯಾಡುವ ಜಾಗವಿರಲಿ, ಹೈಡ್ರೋಜನ್ ಹೊರಬರುತ್ತದೆ, ಬೀಡಿ ಹತ್ತಿರ ಬರಬಾರದು. ಮುಚ್ಚಳ ತೆಗೆಯುವ ಬಗೆಯದಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಬೋರ್‌ವೆಲ್ ನೀರಿನ ಲವಣ ಫಲಕಗಳನ್ನು ಕೆಡಿಸುತ್ತದೆ.

ಎರಡು ಮೂರು ದಿನಕ್ಕೇ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಬಹುತೇಕ ಆಮೇಲೆ ಕೂರಿಸಿದ ಸ್ಟೀರಿಯೊ, ಕ್ಯಾಮೆರಾ, ಜಿಪಿಎಸ್ ಅಥವಾ ಆರದೆ ಉಳಿದ ಡಿಕ್ಕಿ ದೀಪ. ನೆಗೆಟಿವ್ ಟರ್ಮಿನಲ್ಲಿಗೂ ಅದರ ಕೇಬಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಜೋಡಿಸಿ, ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಕಾಯಿರಿ. ಮೀಟರ್ ಇರುವಾಗ ಸೆಲ್ಫ್ ಹೊಡೆಯಬೇಡಿ. 50 ಮಿಲಿಯೊಳಗಿದ್ದರೆ ಚಿಂತೆಯಿಲ್ಲ. ಇನ್ನೂರು ಮುನ್ನೂರು ತೋರಿಸಿದರೆ ಫ್ಯೂಸ್ ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಕುಸಿಯಿತೋ ಆ ಸರ್ಕಿಟ್ಟೇ ಕಳ್ಳ.

ಮುಂದಿನ ಸಲ ಊರು ಬಿಡುವಾಗ 10 ನಂಬರಿನ ಪಾನಾವೊಂದನ್ನು ಮನೆಯವರ ಕೈಗೆ ಕೊಟ್ಟು, ನೆಗೆಟಿವ್ ಬಿಚ್ಚುವುದನ್ನು ತೋರಿಸಿಕೊಡಿ. ಬಾನೆಟ್ ಮುಚ್ಚುವ ಮೊದಲು, ಕರೆಂಟಿಲ್ಲದೆ ಕಾರಿನ ಯಾವ ಬಾಗಿಲು ಚಾವಿಯಿಂದ ತೆರೆಯುತ್ತದೆಂದು ನೋಡಿಕೊಳ್ಳಿ. ಮೀಟರ್ 12.4 ವೋಲ್ಟಿಗಿಂತ ಕೆಳಗೆ ತೋರಿಸಿದ ದಿನ ಚಾರ್ಜಿಗೆ ಹಾಕಲು ಹೇಳಿ.