ಅಗ್ನಿಪರ್ವತವೂ ಸ್ವಭಾವೋಕ್ತಿಯೂ

ಜರ್ಮನ್ ಮಹಾಕವಿ ಗಯಟೆಯ ಹೆಸರು ಕನ್ನಡ ನಾಡಿನ ಸಂಸ್ಕೃತಾಭ್ಯಾಸಿಗಳಿಗೆ ಶಾಕುಂತಲದ ಮೂಲಕವೇ ಪರಿಚಿತವಾದುದು. ಜಾರ್ಜ್ ಫಾರ್ಸ್ಟರನು ೧೭೯೧ರಲ್ಲಿ ಪ್ರಕಟಿಸಿದ ಜರ್ಮನ್ ಭಾಷಾಂತರವನ್ನೋದಿ ಆತನು ಆ ನಾಟಕವನ್ನು ಕೊಂಡಾಡಿದ ಸಂಗತಿಯನ್ನು ಪೀಠಿಕೆ ಬರೆಯುವ ಪಂಡಿತರು ಮರೆಯದೆ ಎತ್ತಿ ಹೇಳುವರು. ಹೊಗಳಿಕೆಯನ್ನು ಬಾಯಿಪಾಠ ಮಾಡಿದವರು ಬಹುಮಂದಿ. ಹೊಗಳಿದವನು ತಾನು ಏನು ಬರೆದನೆಂದು ತೆರೆದು ನೋಡಿದವರು ಕೆಲಮಂದಿ. ಆತನ ‘ಇಟಲಿಯ ಪ್ರವಾಸ’ವು ಹಾಗೆ ತೆರೆದು ನೋಡಲು ತಕ್ಕ ಗ್ರಂಥ. ಮೊದಲೆರಡು ಭಾಗಗಳು ೧೮೧೬-೧೭ರಲ್ಲಿಯೂ ಕಡೆಯ ಭಾಗವು ೧೮೨೯ರಲ್ಲಿಯೂ ಅಚ್ಚಾದುವು; ಜರ್ಮನ್ ಬಾರದವರಿಗೆ ಆಡನ್ ಕವಿಯೂ ಎಲಿಜಬೆತ್ ಮೇಯರ್ ಎಂಬಾಕೆಯೂ ಕೂಡಿ ೧೯೬೨ರಲ್ಲಿ ಹೊರತಂದ ಇಂಗ್ಲಿಷ್ ಅನುವಾದವು ಒದಗಿಬರುತ್ತದೆ. ಗ್ರಂಥವೆಲ್ಲವನ್ನೂ ವಿಮರ್ಶಿಸುವುದು ಇಲ್ಲಿಯ ಉದ್ದೇಶವಲ್ಲ. ನೇಪಲ್ಸ್ ಪಟ್ಟಣದ ಬಳಿಯ ವೆಸೂವಿಯಸ್ ಅಗ್ನಿಪರ್ವತವನ್ನು ಆತನು ಮೂರು ಸಲ ಏರಿದ ವೃತ್ತಾಂತವನ್ನು ಪರೀಕ್ಷಿಸಿದರೆ, ಪ್ರವಾಸಕಥನಕ್ಕೆ ಯಾವುದು ಅಲಂಕಾರ, ಯಾವುದು ಹೊರೆ ಎಂಬ ವಿಷಯವು ತಕ್ಕಮಟ್ಟಿಗೆ ವಿಶದವಾದೀತು.

ಪ್ರಯಾಣದ ಆರಂಭವೇ ಗಮನಾರ್ಹವಾಗಿದೆ. ವೈಮಾರ್ ಸಂಸ್ಥಾನದ ಮಂತ್ರಿಯಾಗಿದ್ದ ಗಯಟೆಯು ವಯಸ್ಸು ಮೂವತ್ತೇಳು ತುಂಬಿದ ಕೆಲವೇ ದಿನಗಳಲ್ಲಿ, ೧೭೮೬ನೆಯ ಸೆಪ್ಟೆಂಬರ್ ೩ರ ಬೆಳಗಿನ ಜಾವ ಮೂರು ಗಂಟೆಗೆ, ಕಾರ್ಲ್ಸ್‌ಬಾಡಿನಲ್ಲಿದ್ದ ಗೆಳೆಯರಿಗೆ ಸುಳಿವು ಕೊಡದೆ ಅಂಚೆಗಾಡಿಯನ್ನು ಹತ್ತಿದನು. ಜೊತೆಗೆ ಆಳುಕಾಳುಗಳಿಲ್ಲ, ಬಟ್ಟೆಬರೆಯ ಒಂದು ಗಂಟು, ತೊಗಲಿನ ಒಂದು ಬೆನ್ನುಚೀಲ, ಇಷ್ಟೇ ಸಾಮಾನು. ಹೆಸರನ್ನು ಕೂಡ ಮ್ಯೋಲರ್ ಎಂದು ಮಾರ್ಪಡಿಸಿಕೊಂಡನು. ಬ್ರೆನ್ನರ್ ಕಣಿವೆಯನ್ನು ದಾಟಿ, ಗಾರ್ಡಾ ಸರೋವರದ ದಡದ ಮಾಲ್ಚೆಸಿನೆಯಲ್ಲಿ ಹಾಳುಕೋಟೆಯ ಚಿತ್ರವನ್ನು ಬರೆಯುತ್ತಿದ್ದಾಗ ಗೂಢಚಾರನೆಂಬ ಶಂಕೆಗೆ ಗುರಿಯಾಗಿ, ವೆನಿಸ್ಸನ್ನು ಕಂಡು, ರೋಮಿನಲ್ಲಿ ಕೆಲವು ತಿಂಗಳು ನಿಂತು, ೧೭೮೭ರ ಫೆಬ್ರವರಿ ಕಡೆಯಲ್ಲಿ ನೇಪಲ್ಸನ್ನು ಸೇರಿದನು. ಮಂತ್ರಿಯು ಬೆನ್ನುಚೀಲದವನಾದುದರ ಗುಣವು ಗ್ರಂಥದ ಶೈಲಿಗೂ ಇಳಿದಿದೆ.

ಮೊದಲನೆಯ ಆರೋಹಣವು ಮಾರ್ಚ್ ೨ರಂದು. ಮೋಡ ಕವಿದ ದಿನ. ರೆಸೀನದವರೆಗೆ ಗಾಡಿ, ದ್ರಾಕ್ಷಿತೋಟಗಳ ನಡುವೆ ಹೇಸರಗತ್ತೆ, ಅಲ್ಲಿಂದಾಚೆಗೆ ಕಾಲ್ನಡಿಗೆ. ೧೭೭೧ರಲ್ಲಿ ಹರಿದು ಗಟ್ಟಿಯಾದ ಲಾವಾರಸದ ಮೇಲೆ ಆಗಲೇ ಸಣ್ಣ ಪಾಚಿ ಹುಟ್ಟಿದುದನ್ನು ಕಂಡು ಬರೆದುಕೊಳ್ಳುತ್ತಾನೆ. ಬೂದಿಯ ಗುಡ್ಡವನ್ನು ಹತ್ತುವ ಶ್ರಮವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಹೊಸದಾಗಿ ಎದ್ದ ದಿಬ್ಬದ ಬಾಯಿಯನ್ನು ನೋಡಬೇಕೆಂದು ಹೊಗೆಯೊಳಕ್ಕೆ ಸುಮಾರು ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ತನ್ನ ಪಾದರಕ್ಷೆಗಳೇ ತನಗೆ ಕಾಣದಂತಾದುವು. ಮೂಗಿಗೆ ಹಿಡಿದ ಕರವಸ್ತ್ರವು ಪ್ರಯೋಜನಕ್ಕೆ ಬರಲಿಲ್ಲ. ದಾರಿ ತೋರುವವನೂ ಕಣ್ಮರೆಯಾದನು. ಗಯಟೆಯು ಹಿಂದಿರುಗಿದನು. ಸೋತೆನೆಂಬ ವ್ಯಥೆಯಿಲ್ಲ, ಸಾಹಸಿಯೆಂಬ ಜಂಬವಿಲ್ಲ. ತಿಳಿಯಾದ ಇನ್ನೊಂದು ದಿನಕ್ಕೆ ಆ ನೋಟವನ್ನು ಕಾದಿರಿಸಿ, ಅಂಥ ಗಾಳಿಯಲ್ಲಿ ಉಸಿರಾಡುವುದು ಎಂತಹ ಕಷ್ಟವೆಂಬುದಾದರೂ ಗೊತ್ತಾಯಿತಲ್ಲಾ ಎಂದು ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾನೆ.

ನಾಲ್ಕು ದಿನಗಳ ಬಳಿಕ ನಡೆದ ಎರಡನೆಯ ಆರೋಹಣವೇ ಮೂರರಲ್ಲಿ ಶ್ರೇಷ್ಠವಾದುದು. ಚಿತ್ರಕಾರನಾದ ಟಿಷ್‌ಬೈನನು ಮನಸ್ಸಿಲ್ಲದ ಮನಸ್ಸಿನಿಂದ ಜೊತೆಗೆ ಬಂದನು. ದಾರಿ ತೋರುವವರು ಇಬ್ಬರು, ಒಬ್ಬನು ವಯಸ್ಸಾದವನು, ಒಬ್ಬನು ಹರೆಯದವನು. ಇವರು ಸೊಂಟಕ್ಕೆ ತೊಗಲಿನ ಪಟ್ಟಿ ಕಟ್ಟಿಕೊಂಡು ಮುಂದೆ ಏರುವರು, ಪ್ರವಾಸಿಗಳು ಅದನ್ನು ಹಿಡಿದುಕೊಂಡು ಕೋಲೂರಿ ಹಿಂದೆ ಏರುವರು. ಮೇಲಿನ ಶಂಕುವು ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಗುಡುಗಿ ಕಲ್ಲುಗಳನ್ನು ಉಗುಳುತ್ತಿದ್ದಿತು. ಒಂದು ಉದ್ಗಾರಕ್ಕೂ ಮತ್ತೊಂದಕ್ಕೂ ನಡುವಣ ಬಿಡುವಿನಲ್ಲಿ ಬಾಯಂಚಿಗೆ ಹೋಗಿ ಬರಬಹುದೆಂದು ಎಣಿಕೆ ಮಾಡಿದರು. ಟಿಷ್‌ಬೈನನು ಕೆಳಗೆ ಉಳಿದನು. ಗಯಟೆಯು ಟೋಪಿಯೊಳಗೆ ಬಟ್ಟೆಯನ್ನು ತುರುಕಿಕೊಂಡು ಕಿರಿಯವನ ಪಟ್ಟಿಯನ್ನು ಹಿಡಿದು ಮೇಲೇರಿದನು. ಅಂಚಿನಲ್ಲಿ ಕಂಡುದೇನು? ಆವಿಯ ಎಡೆಯಲ್ಲಿ ಅಲ್ಲಲ್ಲಿ ಬಿರಿದ ಬಂಡೆಗೋಡೆ. ಆ ನೋಟವು ಬೋಧಕವೂ ಆಗಿರಲಿಲ್ಲ, ಆಹ್ಲಾದಕರವೂ ಆಗಿರಲಿಲ್ಲವೆಂದು ಆತನೇ ಒಪ್ಪುತ್ತಾನೆ. ಏನೂ ಕಾಣಲಿಲ್ಲವಾದುದರಿಂದಲೇ ಏನಾದರೂ ಕಂಡೀತೆಂದು ನಿಂತರು. ನಿಂತವರು ಎಣಿಸುವುದನ್ನು ಮರೆತರು. ಅಷ್ಟರಲ್ಲಿ ಗುಡುಗು, ಕಲ್ಲುಗಳ ರಾಶಿಯು ಪಕ್ಕದಲ್ಲಿಯೇ ಹಾರಿಹೋಯಿತು. ತಲೆಗೂ ಹೆಗಲಿಗೂ ಬೂದಿ ಮೆತ್ತಿಸಿಕೊಂಡು ಕೆಳಗೆ ಓಡಿಬಂದರು.

ಮಾರ್ಚ್ ೨೦ರ ಮೂರನೆಯ ಆರೋಹಣವು ಹೊಸದಾಗಿ ಒಡೆದು ಹರಿಯುತ್ತಿದ್ದ ಲಾವಾರಸವನ್ನು ನೋಡುವುದಕ್ಕಾಗಿ. ಸುಮಾರು ಹತ್ತಡಿ ಅಗಲದ ಆ ಹೊಳೆಯು ಅಂಚುಗಳಲ್ಲಿ ತಣಿದು ಗಟ್ಟಿಯಾಗುತ್ತ ತನ್ನ ಕಾಲುವೆಯನ್ನು ತಾನೇ ಕಟ್ಟಿಕೊಳ್ಳುವ ಬಗೆಯನ್ನು ಗಯಟೆಯು ತೋಟಕ್ಕೆ ನೀರು ಹಾಯಿಸುವ ಒಕ್ಕಲಿಗನ ಗಮನದಿಂದ ನೋಡಿದ್ದಾನೆ. ಮೂಲವನ್ನು ಮುಟ್ಟಬೇಕೆಂಬ ಆಸೆಯನ್ನು ನೆಲದ ಕಾವೂ ಉಸಿರುಗಟ್ಟಿಸುವ ಹೊಗೆಯೂ ತಡೆದುವು.

ಅಷ್ಟಾದಶವರ್ಣನೆಗಳಲ್ಲಿ ಪಳಗಿದ ವಾಚಕನಿಗೆ ಇದೆಲ್ಲವೂ ಸಪ್ಪೆಯೆನಿಸುವ ಸಂಭವವುಂಟು. ಶೈಲವರ್ಣನೆಯೆಂದಮೇಲೆ ಪ್ರಳಯಾಗ್ನಿಯಿಲ್ಲವೆ, ಹಾಲಾಹಲವಿಲ್ಲವೆ, ರುದ್ರನ ಹಣೆಗಣ್ಣಿಲ್ಲವೆ ಎಂದು ಆತನು ಕೇಳಿಯಾನು. ಈ ಪ್ರಶ್ನೆಯು ಅಲಂಕಾರಶಾಸ್ತ್ರದಲ್ಲಿ ಹಳೆಯದು. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳ ಮೊದಲಲ್ಲಿ ಇರಿಸಿದನು. ಕುಂತಕನಾದರೋ, ವಸ್ತುವಿನ ಸ್ವಭಾವವೇ ಅಲಂಕಾರವಾದರೆ ಅಲಂಕರಿಸಿಕೊಳ್ಳುವುದಕ್ಕೆ ಉಳಿಯುವುದೇನೆಂದು ಅದನ್ನು ನಿರಾಕರಿಸಿದನು. ಮಹಾಕಾವ್ಯದ ಮಟ್ಟಿಗೆ ಕುಂತಕನ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ಪ್ರವಾಸಕಥನದಲ್ಲಿ ಮಾತ್ರ ದಂಡಿಯ ಪಕ್ಷವೇ ಗೆಲ್ಲುವುದೆಂಬುದಕ್ಕೆ ಮೇಲಣ ಎರಡನೆಯ ಆರೋಹಣವು ಸಾಕ್ಷಿ. ಅಲ್ಲಿ ಭಯಾನಕವು ಹುಟ್ಟುವುದು ಉಪಮೆಯಿಂದಲ್ಲ, ‘ಎಣಿಸುವುದನ್ನು ಮರೆತರು’ ಎಂಬ ಅಲ್ಪ ಸಂಗತಿಯಿಂದ. ಅದುವರೆಗೆ ಎಣಿಸುತ್ತ ಬಂದ ವಾಚಕನೂ ಆ ಕ್ಷಣದಲ್ಲಿ ಎಣಿಕೆ ತಪ್ಪುತ್ತಾನೆ. ಆ ಎಡೆಯಲ್ಲಿ ಹಣೆಗಣ್ಣನ್ನು ತಂದಿದ್ದರೆ ವಾಚಕನು ಪುರಾಣ ಕೇಳುವ ಜಗುಲಿಯ ಮೇಲೆ ಕ್ಷೇಮವಾಗಿ ಕುಳಿತುಬಿಡುತ್ತಿದ್ದನು.

ಒಂದು ಆಕ್ಷೇಪವು ಇದಕ್ಕಿಂತ ಬಲವಾದುದು. ಗ್ರಂಥವು ಸಿದ್ಧವಾದುದು ಪ್ರಯಾಣದ ಮೂವತ್ತು ವರ್ಷಗಳ ಮೇಲೆ. ರೋಮಿನವರೆಗಿನ ಮೂಲ ದಿನಚರಿಯು, ಷಾರ್ಲೊಟ್ಟೆ ಫಾನ್ ಸ್ಟೈನ್ ಎಂಬಾಕೆಗಾಗಿ ಬರೆದುದು, ಉಳಿದಿದೆ. ನೇಪಲ್ಸ್, ಸಿಸಿಲಿಗಳ ಕಾಗದಪತ್ರಗಳನ್ನು ಗ್ರಂಥಕ್ಕೆ ಬಳಸಿಕೊಂಡ ಬಳಿಕ ಗಯಟೆಯೇ ನಾಶಪಡಿಸಿದನು. ಹೋಗಲಿ, ಪರ್ವತವನ್ನೇ ಕೇಳೋಣವೆಂದರೆ, ಅನಂತರದ ಉದ್ಗಾರಗಳಲ್ಲಿ, ಮುಖ್ಯವಾಗಿ ೧೯೦೬ ಮತ್ತು ೧೯೪೪ರವುಗಳಲ್ಲಿ, ಶಿಖರದ ಆಕಾರವೇ ಬದಲಾಗಿದೆ. ಈಗ ಯಾತ್ರಿಕರು ಮಾಡಿಟ್ಟ ದಾರಿಯಲ್ಲಿ ಹೋಗಿ ಇಣಿಕಿ ನೋಡುವುದು ಆತನು ಕಂಡ ಬಾಯಿಯನ್ನಲ್ಲ. ಹೀಗಿರುವಲ್ಲಿ ಆ ಐವತ್ತು ಹೆಜ್ಜೆಗಳು ಮಾರ್ಚ್ ೨ರವೋ, ಮುಪ್ಪಿನ ಬರೆಹದ ಮೇಜಿನವೋ? ಕೀರ್ತಿಗಾಗಿ ಕಟ್ಟಿದ ಕಥೆಯಾಗಿದ್ದರೆ ಹಿಮ್ಮೆಟ್ಟಿದುದನ್ನೂ ಏನೂ ಕಾಣದೆ ಮರಳಿದುದನ್ನೂ ಉಳಿಸಿಕೊಳ್ಳುತ್ತಿರಲಿಲ್ಲವೆಂದು ಸಮಾಧಾನ ಹೇಳಬಹುದು. ಅದು ಅರೆ ಸಮಾಧಾನವೇ ಸರಿ. ಸುಟ್ಟ ಕಾಗದಕ್ಕೆ ಗ್ರಂಥಕರ್ತನು ಉತ್ತರವಾದಿಯು.

ಇನ್ನೊಂದು ಲೋಪವನ್ನು ಕಾಗದಗಳು ಉಳಿದಿದ್ದರೂ ಮನ್ನಿಸುವಂತಿಲ್ಲ. ಟಿಷ್‌ಬೈನನ ಹೆಸರು ಗ್ರಂಥದಲ್ಲಿದೆ, ಅವನ ಜುಗುಪ್ಸೆಗೆ ಕಾರಣವೂ ಇದೆ. ಸುಂದರಾಕೃತಿಗಳಲ್ಲಿಯೇ ಬಾಳುವ ಕಲಾವಿದನಿಗೆ ಆ ವಿಕಾರರಾಶಿಯು ಹೇಸಿಕೆಯೆಂದು ಗಯಟೆಯು ಸೊಗಸಾಗಿ ವಿವರಿಸಿದ್ದಾನೆ. ಕಲ್ಲುಮಳೆಯ ಬಾಯಿಗೆ ತನ್ನನ್ನು ಸೊಂಟದ ಪಟ್ಟಿಯಿಂದ ಎಳೆದೊಯ್ದು ಜೀವಸಹಿತ ಮರಳಿ ತಂದ ಹುಡುಗನಿಗೆ ಮಾತ್ರ ಹೆಸರಿಲ್ಲ. ಪಾಚಿಯನ್ನು ಕೂಡ ಬಿಡದ ಕಣ್ಣಿಗೆ ಇದು ತಪ್ಪಿದುದು ಸೋಜಿಗ.

ಮುಂದೆ ಸಿಸಿಲಿಯಲ್ಲಿ ಎಟ್ನಾ ಪರ್ವತದ ತುದಿಗೆ ಅದು ಕಾಲವಲ್ಲವೆಂದು ತಿಳಿದವರು ಹೇಳಲು, ಗಯಟೆಯು ಆ ಮಾತಿಗೆ ಬೆಲೆಕೊಟ್ಟು, ಬಿರುಗಾಳಿಯಲ್ಲಿ ಪಕ್ಕದ ಕೆಂಪುಗುಡ್ಡವನ್ನು ಏರಿದ್ದಕ್ಕೇ ತೃಪ್ತನಾದನು. ನೇಪಲ್ಸಿಗೆ ಮರಳಿದಾಗ ವೆಸೂವಿಯಸ್ಸಿನಿಂದ ಹೊಸ ಲಾವಾರಸವು ಹರಿಯುತ್ತಿದ್ದರೂ, ಬೀಳ್ಕೊಡುಗೆಯ ಭೇಟಿಗಳ ದಾಕ್ಷಿಣ್ಯದಿಂದ ನಾಲ್ಕನೆಯ ಆರೋಹಣವು ತಪ್ಪಿತು. ಜೂನ್ ೨ರ ಸಂಜೆ ಅರಮನೆಯಲ್ಲಿ ಜೊವಾನೆ ಎಂಬ ಡಚೆಸ್ಸಳ ಕೋಣೆಯಲ್ಲಿ ಮಾತನಾಡುತ್ತಿರಲು, ಕತ್ತಲಾದಮೇಲೆ ಆಕೆ ಕಿಟಕಿಯ ಕದವನ್ನು ತೆರೆದಳು. ಎದುರಿಗೆ ಉರಿಯುತ್ತ ಇಳಿಯುವ ಹೊಳೆ, ಹೊನ್ನೇರಿದ ಹೊಗೆ, ಬೆಟ್ಟದ ಹಿಂದಿನಿಂದ ಮೂಡುವ ಚಂದ್ರ. ಗ್ರಂಥದಲ್ಲಿ ಆ ಪರ್ವತವು ಮನೋಹರವಾಗಿ ಕಾಣುವುದು ಈ ಕಿಟಕಿಯಿಂದ. ಶೈಲಿಯೂ ಇಲ್ಲಿ ಪದ್ಯದ ಕಡೆಗೆ ವಾಲುತ್ತದೆ. ಮರುದಿನ ಆತನು ರೋಮಿನ ದಾರಿಯನ್ನು ಹಿಡಿದನು.