ಕೋಟಗಿರಿಯ ಪಕ್ಷಿಚಿತ್ರಗಳೂ ನಮ್ಮ ಕೆರೆಯ ಬೆಳ್ಳಕ್ಕಿಯೂ

ಚಳಿಗಾಲದ ಮುಂಜಾವಿನಲ್ಲಿ ಚಾಮರಾಜನಗರ, ಗುಂಡ್ಲುಪೇಟೆಗಳ ಸುತ್ತಣ ಕೆರೆಯೇರಿಗಳ ಮೇಲೆ ದುರ್ಬೀನು ಹಿಡಿದವರು ಈಗ ಕಾಣಸಿಗುತ್ತಾರೆ. ಬಂದೂಕಿಲ್ಲ, ಬಲೆಯಿಲ್ಲ, ಹಕ್ಕಿಯನ್ನು ಕಂಡು, ಹೆಸರನ್ನು ಬರೆದುಕೊಂಡು ಮರಳುವುದಷ್ಟೇ ಅವರ ಕಾರ್ಯ. ಇದು ಸ್ತುತ್ಯವಾದ ಹವ್ಯಾಸವೆಂಬುದು ನಿರ್ವಿವಾದ. ಆದರೆ ಎಷ್ಟು ಜಾತಿಗಳನ್ನು ಕಂಡೆವೆಂಬ ಲೆಕ್ಕವೇ ನೋಟದ ಫಲವೆಂದು ಕೆಲವರು ಬಗೆಯುತ್ತಿರುವುದು ವಿಚಾರಾರ್ಹವಾಗಿದೆ. ಲೆಕ್ಕಿಗನ ನೋಟ ಬೇರೆ, ಚಿತ್ರಕಾರನ ನೋಟ ಬೇರೆ. ಎರಡನೆಯದಕ್ಕೆ ನಿದರ್ಶನವು ನೆರೆಯಲ್ಲಿಯೇ ಇದೆ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಘಟ್ಟವನ್ನೇರಿದರೆ ನೀಲಗಿರಿ. ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವ ಬಡಗರ ಆ ನಾಡಿನಲ್ಲಿ, ಕೋಟಗಿರಿ ಎಂಬ ಊರಿನಲ್ಲಿ, ಮಾರ್ಗರೆಟ್ ಕೋಬರ್ನ್ ಎಂಬಾಕೆ ಬಾಳಿದಳು. ಸೇಲಂ ಜಿಲ್ಲೆಯ ಕಲೆಕ್ಟರಾಗಿದ್ದವರ ಮಗಳು. 1829ರಲ್ಲಿ ಹುಟ್ಟಿ 1928ರವರೆಗೆ ಜೀವಿಸಿದ್ದಳು. ಸುತ್ತಣ ಬೆಟ್ಟದ ಹಕ್ಕಿಗಳನ್ನು ಬಣ್ಣಗಳಲ್ಲಿ ಬರೆದಳು. ಅವುಗಳ ಗೂಡು, ಮೊಟ್ಟೆಗಳನ್ನು ಕುರಿತು ಟಿಪ್ಪಣಿಗಳನ್ನಿಟ್ಟಳು. ಭಾರತದ ಹಕ್ಕಿಗಳ ಗೂಡು ಮೊಟ್ಟೆಗಳ ಮೇಲೆ ಹ್ಯೂಮ್ ಸಾಹೇಬರು ರಚಿಸಿದ ಗ್ರಂಥದಲ್ಲಿ ಈಕೆಯ ಮಾತು ಹೆಸರಿನೊಡನೆ ಮತ್ತೆ ಮತ್ತೆ ಉದ್ಧೃತವಾಗಿದೆ.

ಇಂತಹ ಚಿತ್ರಗಳನ್ನು ಮನೆಯ ಗೋಡೆಯ ಅಲಂಕಾರವೆಂದು ತಿಳಿಯುವುದು ಅವಿಚಾರ. ಸತ್ತ ಹಕ್ಕಿಯ ಚರ್ಮವನ್ನು ಒಣಗಿಸಿಟ್ಟರೆ ಗರಿಯ ಬಣ್ಣವು ಬಹುಕಾಲ ನಿಲ್ಲುತ್ತದೆ. ಕಣ್ಣು, ಕೊಕ್ಕು, ಕಾಲುಗಳ ಬಣ್ಣವಾದರೋ ಬೇಗನೆ ಮಾಸಿಹೋಗುತ್ತದೆ. ಬಣ್ಣದ ಛಾಯಾಚಿತ್ರವಿಲ್ಲದಿದ್ದ ಆ ಕಾಲದಲ್ಲಿ ಅದನ್ನು ಉಳಿಸಿಕೊಡುತ್ತಿದ್ದುದು ಕುಂಚವೊಂದೇ. ಕೊಕ್ಕಿನ ಬಣ್ಣದಿಂದ ಏನು ಮಹಾ ಆಗುತ್ತದೆ ಎನ್ನುವವರು ನಮ್ಮ ಗದ್ದೆಯ ಬೆಳ್ಳಕ್ಕಿಯನ್ನೇ ನೋಡಬಹುದು. ಕೊಕ್ಕೂ ಕಾಲೂ ಕಪ್ಪಾಗಿದ್ದು ಬೆರಳುಗಳು ಮಾತ್ರ ಹಳದಿಯಾಗಿದ್ದರೆ ಅದೊಂದು ಜಾತಿ. ದನದ ಹಿಂದೆ ಹಿಂದೆ ನಡೆಯುವ ಹಳದಿ ಕೊಕ್ಕಿನದು ಇನ್ನೊಂದು. ಗೂಡು ಕಟ್ಟುವ ಕಾಲ ಬಂದಿತೆಂದರೆ ಈ ಎರಡನೆಯದರ ತಲೆ, ಕೊರಳು, ಬೆನ್ನುಗಳ ಮೇಲೆ ಹೊಂಬಣ್ಣವೇರುತ್ತದೆ. ಬೆಳ್ಳಕ್ಕಿ ಬೆಳ್ಳಗಿದೆ ಎಂದಷ್ಟೇ ಬರೆದುಕೊಂಡು ಬಂದವನು ಕಂಡದ್ದೇನು?

ಈ ದೋಷ ನಮ್ಮ ಕವಿಗಳಲ್ಲಿಯೂ ಇಲ್ಲದಿಲ್ಲ. ಬೆಳದಿಂಗಳನ್ನು ಕುಡಿಯುವ ಚಕೋರ, ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸ, ಇವನ್ನು ಕವಿಸಮಯವೆಂದು ಹೇಳಿ ಸಾವಿರ ವರ್ಷ ಒಬ್ಬರಿಂದೊಬ್ಬರು ಎತ್ತಿಕೊಂಡರು. ಆದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೇಘದೂತದಲ್ಲಿ ಮುಗಿಲಿಗೂ ಬಲಾಕೆಗಳ ಗರ್ಭಧಾರಣೆಗೂ ಕಾಳಿದಾಸನು ಕಲ್ಪಿಸಿದ ಸಂಬಂಧವನ್ನು ಬರಿಯ ಕಲ್ಪನೆಯೆಂದು ನಗುವವರುಂಟು. ಉತ್ತರದೇಶದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಮೊಟ್ಟೆಯಿಡುವುದು ಮುಂಗಾರಿನಲ್ಲಿಯೇ. ಆ ಕವಿಯೋ ಅವನ ಪೂರ್ವಿಕರೋ ಕಣ್ಣಾರೆ ಕಂಡೇ ನುಡಿದರೆಂದು ತೋರುತ್ತದೆ. ಅವನನ್ನು ಅನುಸರಿಸಿದವರೆಲ್ಲರೂ ಹಾಗೆ ಕಂಡವರೆಂದು ಹೇಳಲಾಗದು.

ಚಿತ್ರಕಾರರನ್ನು ಕೊಂಡಾಡುವಾಗ ಮರೆಯಬಾರದ ಮಾತೊಂದಿದೆ. ಜೆರ್ಡನ್ ಎಂಬ ವೈದ್ಯನು ಮದರಾಸಿನಲ್ಲಿ 1847ರ ವೇಳೆಗೆ ಮುಗಿಸಿದ ಪಕ್ಷಿಚಿತ್ರಗ್ರಂಥದಲ್ಲಿ, ಹೆಚ್ಚಾಗಿ ದಕ್ಷಿಣದೇಶದ ಹಕ್ಕಿಗಳದೇ ಆದ 50 ಫಲಕಗಳಿವೆ. ಅವುಗಳಲ್ಲಿ ದುಡಿದವು ಈ ದೇಶದ ಕೈಗಳು. ಗ್ರಂಥ ಪ್ರಸಿದ್ಧವಾದದ್ದು ಜೆರ್ಡನನ ಹೆಸರಿನಿಂದ. ಅದಕ್ಕೂ ಮೊದಲೇ ಕಲ್ಕತ್ತೆಯಲ್ಲಿ ಇಂಪೆ ದಂಪತಿಗಳಿಗಾಗಿ ಹಕ್ಕಿಗಳನ್ನು ಬರೆದ ಪಾಟ್ನಾದ ಜೈನುದ್ದೀನ್, ಭವಾನಿದಾಸ್, ರಾಮದಾಸರ ಹೆಸರುಗಳು ಅವರ ಚಿತ್ರಗಳ ಮೇಲೆಯೇ ಉಳಿದುಬಂದವು. ಆ ಭಾಗ್ಯ ಮದರಾಸಿನವರಿಗೆ ಅಷ್ಟಾಗಿ ಒದಗಲಿಲ್ಲ. ಇನ್ನು, ಕೊಂದ ಹಕ್ಕಿಯನ್ನು ಎದುರಿಗಿಟ್ಟು ಬರೆಯುವುದು ಆ ಶತಮಾನದ ವಾಡಿಕೆ. ಅಮೇರಿಕದ ಸುಪ್ರಸಿದ್ಧ ಆಡುಬಾನನು ಸತ್ತ ಹಕ್ಕಿಗೆ ತಂತಿ ಚುಚ್ಚಿ ಹಾರುವ ಭಂಗಿಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದನು. ಈ ವಿಷಯದಲ್ಲಿ ದುರ್ಬೀನಿನವರೇ ಮೇಲು.

ಆದ್ದರಿಂದ ಅವರಿಂದ ಕೇಳಬಹುದಾದದ್ದು ಸ್ವಲ್ಪವೇ. ಪಟ್ಟಿಯ ಪುಸ್ತಕದೊಡನೆ ಒಂದು ಸೀಸದಕಡ್ಡಿಯೂ ಬಿಳಿಯ ಹಾಳೆಯೂ ಇರಲಿ. ಒಂದೇ ಹಕ್ಕಿಯೆದುರು ಅರ್ಧ ಗಂಟೆ ಕುಳಿತು ಅದರ ಕೊಕ್ಕನ್ನಾದರೂ ಬರೆಯಲಿ. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ಅದರ ಕೆಳಗೆ ಊರಿನವರು ಕರೆಯುವ ಹೆಸರಿರಲಿ. ಕೋಬರ್ನಳ ಚಿತ್ರಗಳು ಈಗ ಲಂಡನ್ನಿನ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯದಲ್ಲಿವೆ. ಅವನ್ನು ನೋಡಲು ಕಡಲು ದಾಟಬೇಕು. ಕೋಟಗಿರಿಗೆ ಹೋಗಲು ಗುಂಡ್ಲುಪೇಟೆಯಿಂದ ಬೆಳಗ್ಗೆ ಹೊರಟರೆ ಸಾಕು.